ಬಣ್ಣ ಒಣಗುವ ಮುನ್ನ

“ಅದನ್ನ ಮುಟ್ಟಬೇಡಿ ಮೇಡಂ! ಯೂನಿಫಾರ್ಮಿಗೆ ಹತ್ತಿದ್ರೆ ಜನ್ಮದಲ್ಲಿ ಬಿಡಲ್ಲ.”

ಇನ್‌ಸ್ಪೆಕ್ಟರಮ್ಮ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಕುರ್ಚಿಯ ಹಿಡಿಯ ಮೇಲೆ ದೊಡ್ಡದೊಂದು ಅಂಗೈ, ಐದೂ ಬೆರಳುಗಳ ಸಮೇತ, ಕಂದು ಬಣ್ಣದಲ್ಲಿ ಅಚ್ಚೊತ್ತಿತ್ತು.

ಅಂಥ ಅಂಗೈ ಇದ್ದವನು ಒಬ್ಬನೇ. ನಿನ್ನೆ ಮಧ್ಯಾಹ್ನ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆಯಲ್ಲಿ ಎರಡೂ ತೋಳು ಮೇಲೆತ್ತಿ ನಿಂತವನು, ಚಪ್ಪಾಳೆಯ ನಡುವೆಯೇ ನೆಲಕ್ಕುರುಳಿದ್ದ. ಊರೆಲ್ಲ ಅವನನ್ನು ಗುಡ್ಡ ಎಂದೇ ಕರೆಯುತ್ತಿತ್ತು. ನಿಂತ ಹೃದಯವನ್ನು ಡಾಕ್ಟರು ಮತ್ತೆ ಬಡಿಯುವ ಹಾಗೆ ಮಾಡಿದ್ದರು. ಆದರೆ ಅವನು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಎಚ್ಚರಿಸಿದವನು ದೊಡ್ಡಣ್ಣ. ಗುಡ್ಡನ ತಂದೆ, ಎಲ್ಲರ ಬಾಯಲ್ಲಿ ‘ಉಸ್ತಾದ್’, ನಡೆಸುವ ಜಿಮ್ಮಿನ ಮೊದಲ ಶಿಷ್ಯ. ಒಂದು ಕಾಲದಲ್ಲಿ ತಾನೂ ಪದಕ ಗೆದ್ದವನು. ಈಗ ತಲೆ ನರೆತು, ಹೊಟ್ಟೆ ಬಂದು, ವೇದಿಕೆಯ ಹಿಂದಿನ ಕೆಲಸವನ್ನೆಲ್ಲ ಹೊತ್ತುಕೊಂಡಿದ್ದ.

ಇಂದು ಹೆಂಗಸರ ಸರದಿ. ಬಣ್ಣದ ಕೋಣೆಯಲ್ಲಿ ಸ್ಪರ್ಧಿಗಳು ತೋಳುಗಳನ್ನು ಮೈಯಿಂದ ದೂರ ಹಿಡಿದು, ರೆಕ್ಕೆ ಒಣಗಿಸಿಕೊಳ್ಳುವ ಹಕ್ಕಿಗಳಂತೆ ಫ್ಯಾನಿನ ಮುಂದೆ ನಿಂತಿದ್ದರು. ದೀಪದ ಬೆಳಕಿನಲ್ಲಿ ಒಂದೊಂದು ಸ್ನಾಯುವೂ ಎದ್ದು ಕಾಣಲೆಂದು ನೆತ್ತಿಯ ಕೆಳಗಿಂದ ಹಿಮ್ಮಡಿಯವರೆಗೆ ಕಂದು ಬಣ್ಣ ಬಳಿದಿದ್ದರು. ಒಣಗುವ ತನಕ ಏನನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಅಲ್ಲಿ ಅಚ್ಚು, ಇಲ್ಲಿ ಕಲೆ.

“ಬಣ್ಣ ಬಳಿದ್ಮೇಲೆ ಇವರಿಗೆ ಕೈ ಇದ್ದೂ ಇಲ್ಲ ಮೇಡಂ,” ಎಂದ ದೊಡ್ಡಣ್ಣ. “ಬಾಗಿಲು ನಾನೇ ತೆಗೀಬೇಕು. ತುತ್ತು ನಾನೇ ಇಡಬೇಕು. ಮೂಗು ತುರಿಸೋ ಇಲಾಖೆನೂ ನಂದೇ.”

“ದೊಡ್ಡಣ್ಣಾ, ಎಡಗಡೆ! ಇನ್ನೂ ಸ್ವಲ್ಪ ಕೆಳಗೆ!” ಎಂದು ಒಬ್ಬಳು ಕೂಗಿದಳು.

ಅವನು ಒಗೆದ ಬಟ್ಟೆಯ ತುದಿಯಿಂದ ಅವಳ ಮೂಗನ್ನು ಮೆಲ್ಲಗೆ ಒತ್ತಿ, ಬಣ್ಣ ಕದಡದಂತೆ ಕೈ ತೆಗೆದ. ಅವಳು ಬೇರೆ ಜಿಮ್ಮಿನವಳು, ಇವತ್ತು ಅವನ ಜಿಮ್ಮಿನ ಹುಡುಗಿಯ ಎದುರಾಳಿ. ಅವನಿಗೆ ಅದೊಂದೂ ಲೆಕ್ಕಕ್ಕಿಲ್ಲ. ಇನ್‌ಸ್ಪೆಕ್ಟರಮ್ಮ ಇದನ್ನು ನೋಡಿದರು, ಮನಸ್ಸು ಮೆದುವಾಯಿತು. ಆದರೆ ಅವರ ಕೆಲಸ ಮೆದು ಮನಸ್ಸಿನದಾಗಿರಲಿಲ್ಲ.

ಅವರ ಜೇಬಿನಲ್ಲಿ ಒಂದು ಪಾರದರ್ಶಕ ಚೀಲವಿತ್ತು. ಅದರೊಳಗೆ ಮಾತ್ರೆಯ ಖಾಲಿ ಸ್ಟ್ರಿಪ್ಪು. ನಿನ್ನೆ ಗುಡ್ಡ ಬಿದ್ದ ಮೇಲೆ ಇದೇ ಕೋಣೆಯ ಕಸದ ಬುಟ್ಟಿಯಲ್ಲಿ ಸಿಕ್ಕಿದ್ದು. ಮೈಯಲ್ಲಿರುವ ನೀರನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆ. ಜಿಮ್ಮಿನವರ ಬಾಯಲ್ಲಿ ‘ನೀರಿನ ಮಾತ್ರೆ’. ಚರ್ಮದ ಕೆಳಗಿನ ನೀರು ಹೋದರೆ ಸ್ನಾಯು ಕೆತ್ತಿದ ಹಾಗೆ ಕಾಣುತ್ತದೆಂದು ಕೆಲವರು ಕದ್ದುಮುಚ್ಚಿ ನುಂಗುತ್ತಾರೆ.

ಗುಡ್ಡ ನಿನ್ನೆ ಮುಟ್ಟಿದ್ದೆಲ್ಲ ಇನ್ನೂ ಸಾಕ್ಷಿ ಹೇಳುತ್ತಿತ್ತು. ಕುರ್ಚಿಯ ಹಿಡಿ, ಟವೆಲ್ಲು, ಕನ್ನಡಿಯ ಅಂಚು, ಎಲ್ಲದರಲ್ಲೂ ಕಂದು ಅಚ್ಚು. ಸ್ಟ್ರಿಪ್ಪು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಒಂದು ಚುಕ್ಕೆ ಬಣ್ಣವಿಲ್ಲ.

ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಯಾರೋ ಒಡೆದು ಬಾಯಿಗಿಟ್ಟಿದ್ದರು.

“ನಿನ್ನೆ ಗುಡ್ಡನಿಗೆ ಏನೇನು ತಿನ್ನಿಸಿದೆ ದೊಡ್ಡಣ್ಣ?”

ಅವನ ಕೈಯಲ್ಲಿದ್ದ ಬಟ್ಟೆ ಒಂದು ಕ್ಷಣ ತಡೆಯಿತು. “ಉಸ್ತಾದ್ ಹೇಳಿದ್ದನ್ನ ಮೇಡಂ. ಅದಕ್ಕಿಂತ ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ. ಉಸ್ತಾದ್ ಹೇಳಿದ್ರು ಅಂದ್ಮೇಲೆ ನಮ್ಮಲ್ಲಿ ಯಾರೂ ಯಾಕೆ ಅಂತ ಕೇಳಲ್ಲ.”

“ಕೇಳಿದ್ರೆ?”

“ಕೇಳಿದವನು ಮಾರನೇ ದಿನದಿಂದ ಬೇರೆ ಜಿಮ್ಮು ಹುಡುಕ್ಕೋಬೇಕು,” ಎಂದು ಅವನು ಹೆಮ್ಮೆಯಿಂದಲೇ ನಕ್ಕ.

ಕೋಣೆಯ ಮೂಲೆಯಲ್ಲಿ ಕನ್ನಡಿಗೆ ಬೆನ್ನು ಮಾಡಿ ನಿಂತವಳು ಗುಡ್ಡನ ತಂಗಿ. ಬೆನ್ನು ಅರಳಿಸಿದರೆ ಎರಡು ರೆಕ್ಕೆ ಬಿಚ್ಚಿದಂತೆ ಕಾಣುತ್ತದೆಂದು ಅವಳಿಗೆ ಚಿಟ್ಟೆ ಎಂದು ಹೆಸರು ಬಿದ್ದಿತ್ತು. ನಿನ್ನೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ ಕಣ್ಣುಗಳೇ ಇವು ಎಂದು ನಂಬುವುದು ಕಷ್ಟವಾಗಿತ್ತು.

“ನೀನು ಇವತ್ತು ಬರಲ್ಲ ಅಂದ್ಕೊಂಡಿದ್ದೆ ಮಗಳೇ.”

“ನಾನು ಬರದಿದ್ರೆ ಏನಂತಾರೆ ಗೊತ್ತಾ ಮೇಡಂ? ಆ ಜಿಮ್ಮಿನವರೂ ಎಲ್ಲರ ಹಾಗೇ ಮಾತ್ರೆ ನುಂಗೋರೇ ಅಂತಾರೆ. ಒಬ್ಬ ಬಿದ್ದ, ಇನ್ನೊಬ್ಬಳು ಹೆದರಿ ಓಡಿದ್ಲು ಅಂತಾರೆ. ನಮ್ಮಪ್ಪ ಒಂದೇ ಒಂದು ಮಾತ್ರೆ ಇಲ್ಲದೆ ಇಷ್ಟು ಜನರನ್ನ ಬೆಳೆಸಿದ್ದಾರೆ. ಆ ಹೆಸರು ಉಳಿಸೋಕಾದ್ರೂ ನಾನು ಗೆಲ್ಲಬೇಕು.”

“ನೀನು ಮಾತ್ರೆ ತಗೊಂಡಿದೀಯಾ ಅಂತ ನಿನ್ನೆ ಕೇಳಿದ್ದೆ.”

“ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ತೀನಿ. ನಮ್ಮಲ್ಲಿ ಅದೆಲ್ಲ ಇಲ್ಲ.”

ಮಾತಾಡುವಾಗ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ತುಟಿಗಳು ಬಿರುಕು ಬಿಟ್ಟಿದ್ದವು. ಇನ್‌ಸ್ಪೆಕ್ಟರಮ್ಮ ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಮುಂದೆ ಹಿಡಿದರು.

“ಬೇಡ ಮೇಡಂ. ಕೆಳಗಿಳಿದ ಮೇಲೆ ಒಂದು ಬಕೆಟ್ ಕುಡೀತೀನಿ,” ಎಂದು ಅವಳು ನಕ್ಕಳು. ಹೆಸರು ಕೂಗಿದಾಗ ಕತ್ತೆತ್ತಿ, ಎದೆಯುಬ್ಬಿಸಿ ನಡೆದುಹೋದಳು.

*

ಉಸ್ತಾದ್ ಪಕ್ಕದ ಕೋಣೆಯಲ್ಲಿ, ಗೋಡೆಗೆ ಒರಗದೆ, ನೆಟ್ಟಗೆ ಕೂತಿದ್ದರು. ಅವರು ಬೆನ್ನು ಬಾಗಿಸಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊಣಕೈವರೆಗೆ ಮಡಿಸಿದ ತೋಳು. ಇನ್‌ಸ್ಪೆಕ್ಟರಮ್ಮ ಬಂದದ್ದು ಕಂಡು ಎದ್ದು ನಿಂತು, ಇದ್ದ ಒಂದೇ ಕುರ್ಚಿಯನ್ನು ಅವರ ಕಡೆ ತಳ್ಳಿದರು.

“ಕೂತ್ಕೊಳ್ಳಿ. ನಿಮ್ಮ ಮೊಣಕಾಲು ನೋಯ್ತಿದೆ. ನಡಿಗೆ ನೋಡಿದ್ರೇ ಗೊತ್ತಾಗುತ್ತೆ.”

“ಗೊತ್ತಾಗಬಾರದು ಅಂತಲೇ ನಡೀತಿದ್ದೆ.”

“ಅದೇ ತಪ್ಪು. ನೋವನ್ನ ಮುಚ್ಚಿಟ್ರೆ ಅದು ಇನ್ನೊಂದು ಕಾಲಿಗೆ ಹೋಗುತ್ತೆ.”

ಇನ್‌ಸ್ಪೆಕ್ಟರಮ್ಮ ಕೂತರು. ನಿಂತೇ ಇದ್ದ ಆ ಮನುಷ್ಯನ ಮುಖ ನೋಡಿ, ಸುತ್ತು ಬಳಸುವುದು ಇವರಿಗೆ ಮಾಡುವ ಅವಮಾನ ಎನ್ನಿಸಿತು. ನೇರವಾಗಿ ಕೇಳಿದರು.

“ನಿಮ್ಮ ಮಗನ ರಕ್ತದ ವರದಿ ಬಂದಿದೆ. ಅವನು ನೀರಿನ ಮಾತ್ರೆ ನುಂಗಿದ್ದ.”

“ಸಾಧ್ಯವಿಲ್ಲ.”

“ವರದಿ ಹಾಗೆ ಹೇಳುತ್ತೆ.”

“ವರದಿ ಏನು ಬೇಕಾದ್ರೂ ಹೇಳ್ಲಿ. ನನ್ನ ಮಗನನ್ನ ನಾನು ಬಲ್ಲೆ. ಬೇರೆಯವರು ಒಣಗಿ ಗೆಲ್ತಾರೆ ಮೇಡಂ, ನನ್ನವರು ಹಸಿಯಾಗೇ ಗೆಲ್ತಾರೆ. ಕೊನೇ ಎರಡು ದಿನ ನೀರು ಕಮ್ಮಿ ಮಾಡ್ತೀವಿ, ಉಪ್ಪು ಬಿಡ್ತೀವಿ. ಅಷ್ಟೇ. ನನ್ನ ಜಿಮ್ಮಿನ ಹೊಸ್ತಿಲು ದಾಟಿ ಒಂದು ಮಾತ್ರೆ ಒಳಗೆ ಬಂದಿಲ್ಲ.”

“ವೇದಿಕೆ ಹತ್ತೋಕೆ ಮುಂಚೆ ಅವನಿಗೆ ಏನಾದ್ರೂ ತೊಂದರೆ ಆಯ್ತಾ?”

“ತೊಂದರೆ ಅಂತ ಏನಿಲ್ಲ. ಮೀನಖಂಡ ಸೆಳೀತು. ನೀರು ಕಮ್ಮಿಯಾದಾಗ ಎಲ್ಲರಿಗೂ ಸೆಳೆಯುತ್ತೆ.” ಉಸ್ತಾದರ ದನಿಗೆ ಮತ್ತೆ ಹುರುಪು ಬಂತು. ತಾವು ಬಲ್ಲ ವಿದ್ಯೆಯ ಮಾತು ಬಂದಿತ್ತು. “ಕಾಲು ನೀವಿ ಬಿಡಿಸಿದೆ. ಪೊಟ್ಯಾಸಿಯಂ ಪುಡೀನ ಒಂದು ಗುಟುಕು ನೀರಲ್ಲಿ ಕಲಸಿ ಕುಡಿಸಿದೆ. ಸೆಳೆತಕ್ಕೆ ಅದೇ ಮದ್ದು. ಬೆವರಿನ ಜೊತೆ ಪೊಟ್ಯಾಸಿಯಂ ಹೋಗಿರುತ್ತೆ, ಅದನ್ನ ವಾಪಸ್ ಕೊಟ್ರೆ ಸ್ನಾಯು ಸಡಿಲ ಆಗುತ್ತೆ. ಎಷ್ಟು ಜನರ ಕಾಲು ಹೀಗೆ ಬಿಡಿಸಿದೀನಿ ಕೇಳಿ. ಇವನೂ ‘ಸರಿ ಹೋಯ್ತಪ್ಪ’ ಅಂತ ಬೆನ್ನು ತಟ್ಟಿಸಿಕೊಂಡು ಹೋದ.”

“ಸ್ವಲ್ಪ ಕೊಟ್ಟಿರಾ, ಜಾಸ್ತಿನಾ?”

“ಜಾಸ್ತಿನೇ. ದೊಡ್ಡ ಮೈ. ಬಿಗಿಯಾಗಿ ಹಿಡಿದಿತ್ತು.”

ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಈ ತಂದೆಗೆ ಹೇಗೆ ಹೇಳುವುದು ಎಂದು ಇನ್‌ಸ್ಪೆಕ್ಟರಮ್ಮ ಮಾತು ಹುಡುಕಿದರು. ನಿದ್ದೆಗೆಟ್ಟ ಆ ಡಾಕ್ಟರು, ಪಕ್ಕದಲ್ಲೇ ಕೂತಿದ್ದ ತಾಯಿಯ ಎದುರು, ರೋಗಿಯ ಹಣೆಯ ಮೇಲಿನ ಬಣ್ಣವನ್ನು ಒರೆಸದೆ ಹಾಗೇ ಬಿಟ್ಟಿದ್ದರು. ಎದೆಗೆ ತಂತಿ ಅಂಟಿಸಲು ಬೇಕಾದಷ್ಟು ಜಾಗವನ್ನು ಮಾತ್ರ ಒರೆಸಿ, “ಎಷ್ಟು ಕಷ್ಟಪಟ್ಟು ಹಚ್ಚಿಸಿಕೊಂಡಿರ್ತಾನೋ, ಎದ್ದ ಮೇಲೆ ಅವನೇ ತೊಳ್ಕೊಳ್ಲಿ,” ಎಂದಿದ್ದರು.

“ಉಸ್ತಾದ್, ನೀರಿನ ಮಾತ್ರೆಯಲ್ಲಿ ಎರಡು ಜಾತಿ. ಒಂದು, ನೀರಿನ ಜೊತೆ ಪೊಟ್ಯಾಸಿಯಮ್ಮನ್ನೂ ಹೊರಗೆ ಹಾಕುತ್ತೆ. ಜಿಮ್ಮಿನವರಿಗೆಲ್ಲ ಗೊತ್ತಿರೋದು ಅದು. ಇನ್ನೊಂದು ಹಾಗಲ್ಲ. ನೀರನ್ನ ಕಳಿಸುತ್ತೆ, ಪೊಟ್ಯಾಸಿಯಮ್ಮನ್ನ ಒಳಗೇ ಹಿಡಿದಿಟ್ಕೊಳ್ಳುತ್ತೆ.”

ಅವರು ಜೇಬಿನಿಂದ ಚೀಲ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಸ್ಟ್ರಿಪ್ಪು ಮಿನುಗಿತು.

“ಇದು ಎರಡನೇ ಜಾತಿ. ಒಣಗಿದ ಮೈ, ಕೆಲಸ ಮಾಡಲಾರದೆ ಸೋತ ಮೂತ್ರಪಿಂಡ. ರಕ್ತದಲ್ಲಿ ಪೊಟ್ಯಾಸಿಯಂ ಆಗಲೇ ಅಂಚಿಗೆ ಬಂದಿತ್ತು. ನೀವು ಬರಿದಾದ ಪಾತ್ರೆಗೆ ಹಾಕ್ತಿದೀನಿ ಅಂದ್ಕೊಂಡ್ರಿ. ಅದು ತುಂಬಿತ್ತು. ಹೆಚ್ಚಾದ ಪೊಟ್ಯಾಸಿಯಂ ಹೃದಯದ ತಾಳ ತಪ್ಪಿಸುತ್ತೆ.”

ಉಸ್ತಾದರ ಮುಖದಲ್ಲಿ ಏನೂ ಕದಲಲಿಲ್ಲ. ಕೈಗಳು ಮಾತ್ರ, ಎಷ್ಟೋ ಕಾಲುಗಳ ಸೆಳೆತ ಬಿಡಿಸಿದ ಆ ಕೈಗಳು, ತಾವಾಗಿಯೇ ಬೆನ್ನ ಹಿಂದೆ ಹೋದವು.

“ನಾನು ಕೊಟ್ಟ ಪುಡಿ,” ಎಂದರು.

“ಮಾತ್ರೆ ನುಂಗಿಲ್ಲ ಅಂತ ನೀವು ನಂಬಿದ್ರಿ. ನುಂಗದೇ ಇದ್ದಿದ್ರೆ ಅಷ್ಟು ಅಪಾಯ ಆಗ್ತಿರಲಿಲ್ಲ.”

“ನಂಬಿದ್ದಲ್ಲ ಮೇಡಂ. ಕೇಳಲೇ ಇಲ್ಲ. ನನ್ನ ಮನೆಯಲ್ಲಿ ಅದನ್ನ ಕೇಳೋದೇ ಅವಮಾನ ಅಂದ್ಕೊಂಡಿದ್ದೆ.”

ಹೊರಗೆ ಸಂಗೀತ ಏರಿತು. ಸಭಾಂಗಣ ಒಮ್ಮೆಲೇ ಕೂಗಿತು. ಆ ಕೂಗಿನಲ್ಲಿ ಒಂದು ಹೆಸರು ಕೇಳಿಸಿತು. ಚಿಟ್ಟೆ, ಚಿಟ್ಟೆ.

ಉಸ್ತಾದರ ತಲೆ ಬಾಗಿಲ ಕಡೆ ತಿರುಗಿತು. ಈಗ ಮುಖದ ಬಣ್ಣ ಇಳಿದಿತ್ತು.

“ಏನಾಯ್ತು?” ಎಂದರು ಇನ್‌ಸ್ಪೆಕ್ಟರಮ್ಮ.

“ಅವಳಿಗೂ ಸೆಳೀತು. ನೀವು ಬರೋಕೆ ಸ್ವಲ್ಪ ಮುಂಚೆ. ತೊಡೆ.” ಅವರು ಉಸಿರೆಳೆದುಕೊಂಡರು. “ಪುಡಿ ಕೊಟ್ಟೆ.”

*

ಇನ್‌ಸ್ಪೆಕ್ಟರಮ್ಮನಿಗೆ ಮೊಣಕಾಲಿನ ನೆನಪೇ ಬರಲಿಲ್ಲ. ಓಡುತ್ತಲೇ ಆಸ್ಪತ್ರೆಗೆ ಫೋನು ಮಾಡಿ, ನಿನ್ನೆಯಿಂದ ಹೊರಗೆ ನಿಲ್ಲಿಸಿದ್ದ ಆ್ಯಂಬುಲೆನ್ಸಿನ ಚಾಲಕನನ್ನು ಕೂಗಿ ಕರೆದು, ವೇದಿಕೆಯ ಪಕ್ಕದ ಪರದೆಯ ಹತ್ತಿರ ಬಂದು ನಿಂತರು.

ಬೆಳಕಿನ ಕೆಳಗೆ ಸ್ಪರ್ಧಿಗಳು ಸಾಲಾಗಿ ನಿಂತಿದ್ದರು. ನಡುವೆ ಚಿಟ್ಟೆ. ತೀರ್ಪುಗಾರರು ಹೇಳಿದಂತೆ ತಿರುಗಿ, ಬೆನ್ನು ಅರಳಿಸಿದಳು. ಸಭಾಂಗಣ ಉಸಿರು ಹಿಡಿಯಿತು. ನಿಜಕ್ಕೂ ರೆಕ್ಕೆ ಬಿಚ್ಚಿದಂತಿತ್ತು. ಅವಳೇ ಗೆಲ್ಲುವವಳು ಎಂದು ಹೇಳಲು ತೀರ್ಪುಗಾರರು ಬೇಕಿರಲಿಲ್ಲ.

ಎಡಗಾಲಿನ ಹಿಮ್ಮಡಿ ಮಾತ್ರ ನೆಲದ ಮೇಲೆ ಮೆಲ್ಲಗೆ ಅದುರುತ್ತಿತ್ತು.

“ಸ್ಪರ್ಧೆ ನಿಲ್ಲಿಸಿ,” ಎಂದರು ಇನ್‌ಸ್ಪೆಕ್ಟರಮ್ಮ, ಪರದೆಯ ಬಳಿಯಿದ್ದ ವ್ಯವಸ್ಥಾಪಕನಿಗೆ.

“ನಡುವೆ ನಿಲ್ಲಿಸೋಕೆ ಬರಲ್ಲ ಮೇಡಂ. ತೀರ್ಪುಗಾರರ ಒಪ್ಪಿಗೆ ಬೇಕು. ಹೊರಗಿನವರು ವೇದಿಕೆ ಮೇಲೆ ಕಾಲಿಟ್ರೆ...”

“ಅವಳು ಅನರ್ಹ ಆಗ್ತಾಳೆ,” ಎಂದು ಹಿಂದೆಯೇ ಓಡಿ ಬಂದಿದ್ದ ಉಸ್ತಾದ್ ಮಾತು ಪೂರ್ತಿ ಮಾಡಿದರು. “ಆ ನಿಯಮ ಬರೆದವರಲ್ಲಿ ನಾನೂ ಒಬ್ಬ.”

ಅವರು ಮೆಟ್ಟಿಲು ಹತ್ತಿದರು.

ಕೂಗು ಸಾಲುಸಾಲಾಗಿ ಆರುತ್ತ ಬಂತು. ಇಡೀ ಸಭಾಂಗಣಕ್ಕೆ ಆ ಬಿಳಿ ಅಂಗಿಯ ಗುರುತಿತ್ತು. ತಮ್ಮ ಶಿಷ್ಯರು ಗೆದ್ದಾಗಲೂ ವೇದಿಕೆ ಹತ್ತದ ಮನುಷ್ಯ, ಇಂದು ಬೆಳಕಿನ ನಟ್ಟನಡುವೆ, ಎಂದಿನಂತೆ ನೆಟ್ಟಗೆ, ಮಗಳ ಕಡೆ ನಡೆಯುತ್ತಿದ್ದರು.

“ಅಪ್ಪಾ!” ಚಿಟ್ಟೆ ನಗುವನ್ನು ಮುಖದಿಂದ ಇಳಿಸದೆಯೇ ಹಲ್ಲುಕಚ್ಚಿ ಹೇಳಿದಳು. “ಇಳೀರಿ ಕೆಳಗೆ! ನಾನು ಗೆಲ್ತಿದೀನಿ!”

“ಗೆದ್ದಾಯ್ತು ಕಣೇ. ಬಾ.”

“ಇನ್ನೊಂದೇ ಒಂದು ಸುತ್ತು ಅಪ್ಪಾ...”

“ಎಲ್ಲಾರೂ ನೋಡಾಯ್ತು. ನಾನೂ ನೋಡ್ದೆ. ಇಂಥ ಬೆನ್ನು ನನ್ನ ಜಿಮ್ಮಲ್ಲಿ ಇನ್ನೊಂದಿಲ್ಲ. ಬಾ ಮಗಾ.”

ಅವಳ ಕಾಲು ಕುಸಿಯಿತು. ಬೀಳುವ ಮೊದಲೇ ಅವರು ಹಿಡಿದುಕೊಂಡರು. ಬಿಳಿ ಅಂಗಿಯ ಎದೆ, ತೋಳು ಎಲ್ಲ ಕಂದಾಯಿತು. ಇನ್ನೊಂದು ಕಡೆಯಿಂದ ಹೆಗಲು ಕೊಟ್ಟವಳು ಪಕ್ಕದಲ್ಲೇ ನಿಂತಿದ್ದ ಎದುರಾಳಿ, ದೊಡ್ಡಣ್ಣನಿಂದ ಮೂಗು ಒತ್ತಿಸಿಕೊಂಡವಳು. ತನ್ನ ಬಣ್ಣ ಪೂರ್ತಿ ಹಾಳಾಗುತ್ತದೆಂದು ಗೊತ್ತಿದ್ದೂ ಅವಳು ಒಂದು ಕ್ಷಣ ಯೋಚಿಸಲಿಲ್ಲ.

ಪರದೆಯ ಹಿಂದೆ ಚಿಟ್ಟೆಯನ್ನು ಮಲಗಿಸಿ ಎದೆಗೆ ತಂತಿ ಅಂಟಿಸಿದರು. ಆ್ಯಂಬುಲೆನ್ಸಿನ ನರ್ಸು ಯಂತ್ರದ ಗೆರೆಗಳನ್ನು ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲಿ ತೋರಿಸಿ, ಹೇಳಿದ ಇಂಜೆಕ್ಷನ್ ಕೊಡಲಾರಂಭಿಸಿದರು.

“ಸರಿಯಾದ ಹೊತ್ತಿಗೆ ಇಳಿಸಿದ್ರಿ,” ಎಂದರು ನರ್ಸು, ಯಾರ ಮುಖವನ್ನೂ ನೋಡದೆ. “ಇವಳೇನು ನುಂಗಿದಾಳೆ, ಎಷ್ಟು ನುಂಗಿದಾಳೆ, ಈಗಲೇ ಹೇಳಿ.”

ಇನ್‌ಸ್ಪೆಕ್ಟರಮ್ಮ ಮಂಡಿಯೂರಿ ಸ್ಟ್ರಿಪ್ಪನ್ನು ಅವಳ ಕಣ್ಣ ಮುಂದೆ ಹಿಡಿದರು. “ಇದೇನಾ ಮಗಳೇ?”

ಚಿಟ್ಟೆ ಅಪ್ಪನನ್ನು ನೋಡಿದಳು. ಅವಳ ಕಣ್ಣಲ್ಲಿ ಅಪ್ಪಣೆ ಕೇಳುವ ಭಾವವಿತ್ತು.

“ಹೇಳು,” ಎಂದರು ಉಸ್ತಾದ್.

“ಇದೇ. ಮೊನ್ನೆ ರಾತ್ರಿ ಎರಡು, ನಿನ್ನೆ ಎರಡು, ಬೆಳಿಗ್ಗೆ ಎರಡು. ನೀವೇ ಕಳಿಸಿದ್ರಲ್ಲಪ್ಪ.”

“ನಾನಾ?”

“ಅಣ್ಣ ಮೊದಲು ಬೇಡ ಅಂದ. ಅಪ್ಪ ಯಾವತ್ತೂ ಇದನ್ನ ಕೊಟ್ಟಿಲ್ಲವಲ್ಲ ಅಂದ. ಆಮೇಲೆ ನಿಮ್ಮ ಮಾತು ಅಂತ ಗೊತ್ತಾದ್ಮೇಲೆ ಇಬ್ಬರೂ ಬಾಯಿ ತೆಗೆದ್ವಿ. ಅವನು ಬಿದ್ದಾಗ ಇದರಿಂದಲೇ ಅಂತ ನಂಗೆ ಅನ್ನಿಸಲಿಲ್ಲ. ನೀವು ಕೊಟ್ಟಿದ್ದು ತಪ್ಪಾಗಿರುತ್ತಾ? ನಿಮ್ಮ ಹೆಸರು ಹಾಳಾಗಬಾರದು ಅಂತ ಮೇಡಂಗೆ ಸುಳ್ಳು ಹೇಳ್ದೆ.”

“ತಿನ್ನಿಸಿದ್ದು ಯಾರು?” ಎಂದರು ಇನ್‌ಸ್ಪೆಕ್ಟರಮ್ಮ. ಉತ್ತರ ಅವರ ಬೆನ್ನ ಹಿಂದಿನಿಂದಲೇ ಬಂತು.

“ನಾನು.”

ದೊಡ್ಡಣ್ಣ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

“ನಾನೇ ಮೇಡಂ. ಗುಡ್ಡನಿಗೂ ನಾನೇ, ಇವಳಿಗೂ ನಾನೇ. ಉಸ್ತಾದ್ ಹೇಳಿದ್ರು, ತಿನ್ನಿಸಿದೆ. ನಿನ್ನೆಯಿಂದ ನಾಲಿಗೆ ಕಚ್ಚಿಕೊಂಡು ಕೂತಿದೀನಿ, ಅವರ ಮರ್ಯಾದೆ ಹೋಗಬಾರದು ಅಂತ.”

“ನಾನು ನಿನಗೆ ಯಾವಾಗ ಹೇಳ್ದೆನೋ?” ಉಸ್ತಾದರ ದನಿ ಮೊದಲ ಬಾರಿಗೆ ಏರಿತು.

“ಉಸ್ತಾದ್, ಹೊಡೀರಿ, ಬೈಯಿರಿ. ಸುಳ್ಳ ಅಂತ ಮಾತ್ರ ಅನ್ನಬೇಡಿ.” ಅವನ ಕಣ್ಣು ತುಂಬಿತು. “ಪೊಟ್ಟಣ ನಿಮ್ಮ ಚೀಲದ ಹೊರಗಿನ ಜೇಬಲ್ಲೇ ಇತ್ತು. ಜೊತೆಗೆ ನಿಮ್ಮ ಮಾತೂ ವಾಯ್ಸ್ ಮೆಸೇಜಲ್ಲಿ ಬಂತು. ನಿಮ್ಮ ಮನೇಲಿರೋ ಮೊಬೈಲಿಂದ.”

ಅವನು ತನ್ನ ಫೋನಿನಲ್ಲಿ ಆ ಮೆಸೇಜನ್ನು ಒತ್ತಿದ. ಅಲ್ಲಿದ್ದವರೆಲ್ಲ, ಆ ಎದುರಾಳಿ ಕೂಡ, ತಲೆಯೆತ್ತಿದರು. ಬಲ್ಲವರು ಎಲ್ಲಿದ್ದರೂ ಗುರುತಿಸುವ ದನಿ ಅದು.

“ಅದನ್ನ ಇಬ್ಬರಿಗೂ ಕೊಡು. ನಾನು ಹೇಳ್ದೆ ಅಂತ ಹೇಳು. ಎರಡು ಮಾತು ಬೇಡ.”

ಅಷ್ಟೇ. ಫೋನು ಸುಮ್ಮನಾಯಿತು.

ವ್ಯವಸ್ಥಾಪಕ ಮೆಲ್ಲಗೆ ಉಸ್ತಾದರಿಂದ ಒಂದು ಹೆಜ್ಜೆ ದೂರ ಸರಿದ. ಈಗ ಈ ಮನುಷ್ಯ ‘ಇದು ನನ್ನ ದನಿಯಲ್ಲ, ಯಾರೋ ಅಣಕಿಸಿದ್ದಾರೆ’ ಎಂದುಬಿಟ್ಟರೆ ಅರ್ಧ ಜನ ನಂಬುತ್ತಾರೆ ಎಂದು ಇನ್‌ಸ್ಪೆಕ್ಟರಮ್ಮನಿಗೆ ಹೊಳೆಯಿತು. ಒಂದು ಸುಳ್ಳು, ಆಗ ಜಿಮ್ಮಿನ ಹೆಸರು ಉಳಿಯುತ್ತದೆ.

ಉಸ್ತಾದ್ ಮಗಳ ಹಣೆಯ ಮೇಲಿಟ್ಟಿದ್ದ ಕೈ ತೆಗೆದು, ಎದ್ದು ನಿಂತರು. ಅಂಗಿ ಪೂರ್ತಿ ಕಂದಾಗಿತ್ತು. ಬೆನ್ನು ಮಾತ್ರ ಬಾಗಿರಲಿಲ್ಲ.

“ದನಿ ನನ್ನದೇ ಮೇಡಂ. ಮಾತೂ ನಾನೇ ಆಡಿದ್ದು.”

“ಅಪ್ಪಾ...”

“ಸುಮ್ನಿರು ಮಗಾ. ಆಡಿದ ಮಾತನ್ನ ಆಡಿಲ್ಲ ಅನ್ನೋ ಜಾತಿಯವನಲ್ಲ ನಾನು.” ಅವರು ದೊಡ್ಡಣ್ಣನ ಭುಜದ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ಕಂದು ಬಣ್ಣದ ಅಂಗೈ ಅಲ್ಲಿ ಅಚ್ಚೊತ್ತಿತು. “ಇವನು ನಿಜ ಹೇಳ್ತಿದಾನೆ. ಆದರೆ ನಾನು ಆ ಮಾತು ಆಡಿದ್ದು ಇವನ ಹತ್ತಿರ ಅಲ್ಲ. ಮಾತ್ರೆ ವಿಷಯಕ್ಕೂ ಅಲ್ಲ. ಮನೇಲಿ ಆಡಿದ್ದನ್ನ ರೆಕಾರ್ಡ್ ಮಾಡಿ ಇವನಿಗೆ ಕಳಿಸಿದಾರೆ. ಸ್ಪರ್ಧೆಗೆ ಹಾಕ್ಕೊಂಡು ಬರೋಕೆ ಹೊಸ ನಿಲುವಂಗಿ ಹೊಲಿಸಿದ್ವಿ. ಅದನ್ನ ಕೊಡು ಅಂತ ಹೇಳಿದ್ದು.”

“ಯಾರಿಗೆ?”

ಅವರು ಮಲಗಿದ್ದ ಮಗಳ ಕಡೆ ನೋಡಿದರು.

“ಇವರಮ್ಮನಿಗೆ.”

ಇನ್‌ಸ್ಪೆಕ್ಟರಮ್ಮ ಆಗಲೇ ಆಸ್ಪತ್ರೆಯ ನಂಬರು ಒತ್ತುತ್ತಿದ್ದರು. ಗುಡ್ಡನ ಕೋಣೆಯೊಳಗೆ ಮನೆಯವರಲ್ಲಿ ಒಬ್ಬರನ್ನೇ ಬಿಡುವುದು. ಆ ಒಬ್ಬರು ಯಾರೆಂದು ಅವರು ಬೆಳಿಗ್ಗೆ ಕಣ್ಣಾರೆ ನೋಡಿ ಬಂದಿದ್ದರು.

ಅತ್ತ ಫೋನು ಎತ್ತಿದ ಡಾಕ್ಟರ ದನಿಯಲ್ಲಿ ಸಂಭ್ರಮ ತುಂಬಿತ್ತು.

“ಮೇಡಂ, ನಾನೇ ಮಾಡೋಳಿದ್ದೆ! ಗುಡ್ಡ ಕಣ್ಣು ಬಿಟ್ಟ. ಗಂಟಲು ಒಣಗಿದೆ ಅಂದ. ಅವರಮ್ಮ ಈಗ ಏನೋ ಕುಡಿಸ್ತಾ ಇದಾರೆ.”